ಯಂತ್ರಲಾಂಛನವೂ ನಾಮಭೇದವೂ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಕೆರೆಯ ಹೂಳೆತ್ತಲು ಬರುವ ಯಂತ್ರ ಯಾವ ಕಂಪನಿಯದಾದರೂ ಜನರ ಬಾಯಿಯಲ್ಲಿ ಅದು ‘ಜೇಸಿಬಿ’. ಉಕ್ಕಿನ ಪಟ್ಟಿಯ ಮೇಲೆ ಸಾಗುವಂಥದಾದರೆ ‘ಇಟಾಚಿ’. ಲಾಂಛನದ ಚರಿತ್ರೆಯನ್ನು ಬರೆಯುವವರು ಅಕ್ಷರದ ಆಕಾರವನ್ನೂ ಬಣ್ಣವನ್ನೂ ಮಾತ್ರ ಗಮನಿಸುವುದುಂಟು. ಅದರ ನಿಜವಾದ ವಿಕಾಸವನ್ನು ನಮ್ಮ ವ್ಯಾಕರಣದ ರೂಢನಾಮ, ಅನ್ವರ್ಥನಾಮ, ಅಂಕಿತನಾಮಗಳೆಂಬ ವಿಭಾಗವೇ ಹೆಚ್ಚು ಸ್ಪಷ್ಟವಾಗಿ ತೋರಿಸಬಲ್ಲದು.

ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಇಂಗ್ಲೆಂಡಿನಲ್ಲಿ 1945ರಲ್ಲಿ ಉದ್ಯಮವನ್ನು ಆರಂಭಿಸಿದನು. 1953ರಲ್ಲಿ ಅವನ ಹೆಸರಿನ ಮೂರು ಆದ್ಯಕ್ಷರಗಳು ಲಾಂಛನವಾಗಿ ಮೂಡಿದುವು. 1979ರಲ್ಲಿ ಭಾರತವನ್ನು ಪ್ರವೇಶಿಸಿದ ಈ ಅಪ್ಪಟ ಅಂಕಿತ ಇಲ್ಲಿ ರೂಢನಾಮವಾಗಿ, ‘ಜೇಸಿಬಿಗಳು’, ‘ಜೇಸಿಬಿಯಿಂದ’ ಎಂದು ಕನ್ನಡದ ಪ್ರತ್ಯಯಗಳನ್ನೂ ಹೊತ್ತಿತು. ಬೆಂಗಳೂರಿನ ಭಾರೀಯಂತ್ರೋದ್ಯಮವೊಂದರ ಗತಿ ಬೇರೆಯದು. 1964ರ ‘ಭಾರತ್ ಅರ್ಥ್ ಮೂವರ್ಸ್’ ಮಣ್ಣು ಸರಿಸುವ ಕೆಲಸವನ್ನೇ ಹೇಳುವ ಅನ್ವರ್ಥನಾಮ. 2007ರಲ್ಲಿ ಅದು ‘ಬಿಇಎಂಎಲ್’ ಎಂಬ ಬರಿಯ ಅಕ್ಷರಗಳಿಗೆ ಇಳಿಯಿತು. ರೈಲುಗಾಡಿಗಳನ್ನೂ ತಯಾರಿಸುವ ಸಂಸ್ಥೆಗೆ ಹಳೆಯ ಹೆಸರು ಕಿರಿದಾಗಿದ್ದಿತೆಂಬುದನ್ನು ಒಪ್ಪಬಹುದು. ಆದರೆ ಅನ್ವರ್ಥವನ್ನು ಬಿಟ್ಟುಕೊಟ್ಟು ರೂಢಿಯನ್ನೂ ಗಳಿಸದ ಈ ಬದಲಾವಣೆಯನ್ನು ನಾನು ನಷ್ಟವೆಂದೇ ಎಣಿಸುತ್ತೇನೆ.

ಕರ್ತೃವಿನ ಗುರುತು ಕರ್ತೃವನ್ನೇ ಸೂಚಿಸಬೇಕಲ್ಲವೆ? ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇರುವ ಬ್ರಹ್ಮಗಿರಿಯ ಅಶೋಕಶಾಸನದ ಕೊನೆಯಲ್ಲಿ ಚಪಡನು ತನ್ನ ಹೆಸರನ್ನು ಶಾಸನದ ಬ್ರಾಹ್ಮೀಲಿಪಿಯಲ್ಲಿಯೇ ಬರೆದು, ಲಿಪಿಕಾರನೆಂಬ ವೃತ್ತಿವಾಚಕವನ್ನು ಮಾತ್ರ ವಾಯವ್ಯದೇಶದ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಈ ಸೀಮೆಯಲ್ಲಿ ಅದನ್ನು ಓದಬಲ್ಲವರು ಅಂದು ವಿರಳವಾಗಿದ್ದಿರಬೇಕು. ಆದರೂ ಅದು ಚಪಡನ ಗುರುತಾಗಿಯೇ ಉಳಿದಿದೆ. ಬೇರೆ ಲಿಪಿಕಾರರಿಗೆ ಸಲ್ಲುವ ಹೆಸರಾಗಲಿಲ್ಲ.