ಗುಡ್ಡದ ತುದಿಯ ರೇಂಜ್

ಸುಳ್ಯದ ಒಳಹಳ್ಳಿಗಳಲ್ಲಿ ರೇಂಜ್ ಅನ್ನುವುದು ಒಂದು ಜಾಗ. "ರೇಂಜಿಗೆ ಹೋಗಿದ್ದಾನೆ" ಎಂದರೆ ಮಗ ಗುಡ್ಡ ಹತ್ತಿ ಗೇರುಮರದ ಬುಡದಲ್ಲಿ ಮೊಬೈಲ್ ಹಿಡಿದು ಕೂತಿದ್ದಾನೆ ಎಂದರ್ಥ. ಆನ್‌ಲೈನ್ ತರಗತಿಯ ಮಳೆಗಾಲಗಳಲ್ಲಿ ನಮ್ಮ ಮಕ್ಕಳು ರಸ್ತೆ ಬದಿಯಲ್ಲಿ ಕೂತು ಪಾಠ ಕೇಳಿದ್ದು ಪೇಪರಿನಲ್ಲೂ ಬಂದಿತ್ತು. ರೇಡಿಯೋ ಖಗೋಳದವರ ಕಷ್ಟ ಇದಕ್ಕೆ ಪೂರಾ ತಿರುಗುಮುರುಗು. ರೇಂಜ್ ಸಿಗದ ಊರು ಸಿಕ್ಕಿದರೆ ಅವರಿಗೆ ಹಬ್ಬ.

ಕಾರಣ ಇದೆ. ಜಲಜನಕದ ಪರಮಾಣು 1,420 ಮೆಗಾಹರ್ಟ್ಸಿನಲ್ಲಿ, ಅಂದರೆ 21 ಸೆಂಟಿಮೀಟರ್ ತರಂಗದಲ್ಲಿ, ಬಹಳ ಸಣ್ಣ ದನಿಯಲ್ಲಿ ತನ್ನ ಇರವು ತಿಳಿಸುತ್ತದೆ. ಸುಮಾರು 800 ಕೋಟಿ ವರ್ಷಗಳ ಹಿಂದೆ ಹೊರಟ ತರಂಗ ವಿಶ್ವದ ಜೊತೆ ತಾನೂ ಹಿಗ್ಗಿ, ಇಲ್ಲಿಗೆ ಮುಟ್ಟುವಾಗ 710 ಮೆಗಾಹರ್ಟ್ಸಿನ ಆಸುಪಾಸಿಗೆ ಇಳಿದಿರುತ್ತದೆ. 2022ರ ಹರಾಜಿನಲ್ಲಿ ಮೊಬೈಲ್‌ಗೆಂದು ಮಾರಿದ 700 ಮೆಗಾಹರ್ಟ್ಸ್ ಪಟ್ಟಿಯೂ ಅದೇ ಓಣಿಯಲ್ಲಿದೆ. ನಾವು ಗುಡ್ಡ ಹತ್ತಿ ಹುಡುಕುವುದೇ ಅವರ ಪಾಲಿಗೆ ಗಲಾಟೆ.

ಪುಣೆ ಹತ್ತಿರದ ಖೋಡದಿನಲ್ಲಿ ಗೋವಿಂದ ಸ್ವರೂಪ್ ಕಟ್ಟಿಸಿದ ಜಿಎಂಆರ್‌ಟಿ ಎಂಬ ರೇಡಿಯೋ ದೂರದರ್ಶಕ ಇದೆ. 45 ಮೀಟರ್ ಅಗಲದ 30 ಬೋಗುಣಿಗಳು. ಇಷ್ಟಿದ್ದೂ ಅಷ್ಟು ದೂರದ ಒಂದು ಗೆಲಾಕ್ಸಿಯ ಜಲಜನಕ ಅದಕ್ಕೆ ಕೇಳಿಸುವಂತಿರಲಿಲ್ಲ. ಖಗೋಳ ವಿಜ್ಞಾನಿಗಳಾದ ಆದಿತ್ಯ ಚೌಧುರಿ, ನಿಸ್ಸಿಂ ಕಾಣೇಕರ್, ಜಯರಾಂ ಚೆಂಗಲೂರ್ ಮತ್ತು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಶಿವ್ ಸೇಠಿ, ಕೆ.ಎಸ್. ದ್ವಾರಕಾನಾಥ್ ಸೇರಿ ಒಂದು ಉಪಾಯ ಮಾಡಿದರು. ಹವಾಯಿಯ ಕೆಕ್ ದೂರದರ್ಶಕದಲ್ಲಿ ಡೀಪ್2 ಎಂಬ ಸಮೀಕ್ಷೆ ಮೊದಲೇ ನಡೆದಿತ್ತು. ಅದು ಬೆಳಕಿನ ಸಮೀಕ್ಷೆ. ಜಲಜನಕದ ದನಿ ಅದಕ್ಕೆ ಕೇಳಿಸದು. ಆದರೆ ಪ್ರತಿ ಗೆಲಾಕ್ಸಿ ಯಾವ ದಿಕ್ಕಿನಲ್ಲಿದೆ, ಎಷ್ಟು ದೂರದಲ್ಲಿದೆ ಎಂಬ ವಿಳಾಸದ ಪಟ್ಟಿ ಅದರಲ್ಲಿದೆ. ದೂರ ತಿಳಿದರೆ ಯಾವ ಸ್ಟೇಷನ್ನಿಗೆ ಟ್ಯೂನ್ ಮಾಡಬೇಕೆಂದೂ ತಿಳಿಯಿತು. ಸುಮಾರು 100 ತಾಸು ಜಿಎಂಆರ್‌ಟಿಯನ್ನು ಆ ಕಡೆ ತಿರುಗಿಸಿ, 7,653 ವಿಳಾಸಗಳಲ್ಲಿ ಸಿಕ್ಕ ಚೂರುಪಾರನ್ನೆಲ್ಲ ಒಂದರ ಮೇಲೊಂದು ಇಟ್ಟು ಕೂಡಿಸಿದರು.

ಕೂಡಿಸಿದಾಗ ಸಂಕೇತ 7,653 ಪಟ್ಟು ಬೆಳೆಯುತ್ತದೆ. ಗದ್ದಲಕ್ಕೆ ಗೊತ್ತುಗುರಿ ಇಲ್ಲ. ಒಂದು ಕಡೆ ಏರಿದರೆ ಇನ್ನೊಂದು ಕಡೆ ಇಳಿದು, ಬೆಳೆಯುವುದು ಅದರ ವರ್ಗಮೂಲದಷ್ಟು, ಅಂದರೆ ಸುಮಾರು 87 ಪಟ್ಟು ಮಾತ್ರ.

ಇದು ಎಷ್ಟು ನಾಜೂಕಿನ ಕೆಲಸವೆಂದು ನನಗೆ ನನ್ನ ಅಂಗಳದಲ್ಲೇ ಗೊತ್ತಾಯಿತು. ಜನವರಿಯಲ್ಲಿ ಅಂಗಳವೆಲ್ಲ ಅಡಿಕೆ. ಕ್ಯಾಮೆರಾ ಸ್ಟ್ಯಾಂಡಿಗೆ ಸಿಕ್ಕಿದ್ದು ಬಾವಿಕಟ್ಟೆಯ ಪಕ್ಕದ ಮೂರಡಿ ಜಾಗ. ತ್ರಿಕೋನ ಪುಂಜದ ಗೆಲಾಕ್ಸಿಯತ್ತ ಗುರಿಯಿಟ್ಟು 20 ಸೆಕೆಂಡಿನ 90 ಚಿತ್ರ ತೆಗೆದೆ. ನಡುವೆ ಎಲ್ಲೋ ನಾಯಿ ಬಂದು ಸ್ಟ್ಯಾಂಡಿಗೆ ಮೈ ಉಜ್ಜಿತ್ತು. ನಾನು ಆತುರದಲ್ಲಿ ನಕ್ಷತ್ರಕ್ಕೆ ನಕ್ಷತ್ರ ಹೊಂದಿಸದೆ ಎಲ್ಲವನ್ನೂ ಕೂಡಿಸಿಬಿಟ್ಟೆ. ಗೆಲಾಕ್ಸಿ ಇರಬೇಕಾದಲ್ಲಿ ನೀರುದೋಸೆ ಹೊಯ್ದ ಹಾಗೊಂದು ಬಿಳಿ ಕಲೆ. ಎರಡು ಸಮೀಕ್ಷೆಗಳನ್ನು ಕೂಡಿಸುವಾಗಲೂ ಅಷ್ಟೇ, ವಿಳಾಸ ತುಸು ತಪ್ಪಿದರೆ ಸಂಕೇತ ಹರಡಿ ಗದ್ದಲದಲ್ಲಿ ಮುಳುಗುತ್ತದೆ. ಜಿಎಂಆರ್‌ಟಿಯ ಹೊಗಳಿಕೆ ಎಲ್ಲೆಡೆ ಕೇಳಿದ್ದೇನೆ. ಆ ವಿಳಾಸದ ಪಟ್ಟಿಗೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ ಎಂಬುದು ನನ್ನ ತಕರಾರು.

2020ರ ಅಕ್ಟೋಬರಿನಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗೋವಿಂದ ಸ್ವರೂಪ್ ಸೆಪ್ಟೆಂಬರಿನಲ್ಲಷ್ಟೇ ತೀರಿಕೊಂಡಿದ್ದರು. ಒಂದೊಂದು ಗೆಲಾಕ್ಸಿಯಲ್ಲಿ ಸರಾಸರಿ ಸುಮಾರು 1,200 ಕೋಟಿ ಸೂರ್ಯರಷ್ಟು ತೂಕದ ಜಲಜನಕ. ಕೇಳಲು ಭಾರಿ ಸಂಪತ್ತು. ಆದರೆ ಅವು ನಕ್ಷತ್ರ ಹುಟ್ಟಿಸುತ್ತಿದ್ದ ವೇಗಕ್ಕೆ ಆ ದಾಸ್ತಾನು ನೂರು ಇನ್ನೂರು ಕೋಟಿ ವರ್ಷದಲ್ಲಿ ಖಾಲಿ. ಹೊರಗಿನಿಂದ ಹೊಸ ಅನಿಲ ಸಾಕಷ್ಟು ಬಾರದಿದ್ದರೆ ಕೆಲಸ ನಿಲ್ಲಲೇಬೇಕು. ವಿಶ್ವದಲ್ಲಿ ನಕ್ಷತ್ರಗಳ ಹುಟ್ಟು ಆಮೇಲೆ ಯಾಕೆ ಇಳಿಯಿತು ಎಂಬುದಕ್ಕೆ ಇದೇ ಉತ್ತರ ಎನ್ನುತ್ತಾರೆ ಈ ಸಂಶೋಧಕರು.

ಅಡಿಕೆ ಸುಲಿಸುತ್ತಿದ್ದ ನೆರೆಮನೆಯವರಿಗೆ ಇದನ್ನೆಲ್ಲ ಹೇಳಿದೆ. "ಒಂದೂ ಕಾಣಲಿಲ್ಲ ಅಂತೀರಿ, ಮತ್ತೆ ತೂಕ ಹೇಗೆ ಮಾರಾಯ್ರೇ?"

ಒಂದು ಅಡಿಕೆ ಇಟ್ಟರೆ ಮಂಡಿಯ ತಕ್ಕಡಿ ಅಲುಗುವುದಿಲ್ಲ, ಗೋಣಿ ಇಟ್ಟರೆ ಅಲುಗುತ್ತದೆ. ಎಣಿಕೆ ಗೊತ್ತಿದ್ದರೆ ಒಂದರ ತೂಕ ಭಾಗಿಸಿ ತೆಗೆಯಬಹುದು ಎಂದೆ.

ಅವರು ಒಪ್ಪಲಿಲ್ಲ. ಅಡಿಕೆಯ ದರ್ಜೆಗಳ ಹೆಸರು ಹಿಡಿದು ಕೇಳಿದರು. "ಆ ಗೋಣಿಯಲ್ಲಿ ಪಟೋರ ಎಷ್ಟು, ಉಳ್ಳಿ ಎಷ್ಟು, ಕರಿಗೋಟು ಎಷ್ಟು? ಎಲ್ಲ ಒಟ್ಟು ತೂಗಿದರೆ ಎಂತ ಗೊತ್ತಾಗ್ತದೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಚೌಧುರಿ ಮತ್ತು ಜೊತೆಗಾರರನ್ನೂ ಅದು ಕಾಡಿರಬೇಕು. 510 ತಾಸು ಆಲಿಸಿ, 11,419 ಗೆಲಾಕ್ಸಿಗಳನ್ನು ಕಾಲಕ್ಕೆ ತಕ್ಕಂತೆ ಎರಡು ಪಾಲು ಮಾಡಿ ಬೇರೆಬೇರೆಯಾಗಿ ಕೂಡಿಸಿ, 2022ರಲ್ಲಿ ಮತ್ತೆ ಲೆಕ್ಕ ಕೊಟ್ಟರು: ಬರೀ ನೂರು ಕೋಟಿ ವರ್ಷಗಳ ಅಂತರದಲ್ಲಿ ಸರಾಸರಿ ಜಲಜನಕ ಮೂರನೇ ಒಂದಕ್ಕೆ ಇಳಿದಿತ್ತು.

ಹೇಳಿದೆ. ಅವರು ಸುಲಿದ ಅಡಿಕೆಯೊಂದನ್ನು ಬೆಳಕಿಗೆ ಹಿಡಿದು ನೋಡಿ ಕರಿಗೋಟಿನ ಬುಟ್ಟಿಗೆ ಹಾಕಿದರು. "ಹಾಂ, ಬೇರೆ ಮಾಡಿ ತೂಗಿದ್ದಾರಲ್ಲ. ಹಾಗಾದ್ರೆ ಅಡ್ಡಿಯಿಲ್ಲ."