ಮಳೆಯ ಗಾದೆಗಳೂ ಹಿತ್ತಲ ಬಾಗಿಲೂ

ಮಳೆಯ ಗಾದೆಗಳನ್ನು ಹೊಗಳುವುದು ನಮ್ಮಲ್ಲಿ ಒಂದು ವಾಡಿಕೆಯಾಗಿದೆ. ಅವು ರೈತನ ಪಂಚಾಂಗ, ಅಕ್ಷರ ಕಲಿಯದವರ ವಿಜ್ಞಾನ ಎಂದೆಲ್ಲ ಸಂಗ್ರಹಗಳ ಮುನ್ನುಡಿಗಳು ಹೇಳುತ್ತವೆ. ಹಿರಿಯೂರಿನ ಅಂಚಿನಲ್ಲಿ ನಾಲ್ಕು ಮಡಿ ತರಕಾರಿ ಬೆಳೆದುಕೊಂಡು, ಹತ್ತು ಹನ್ನೆರಡು ನಾಟಿಕೋಳಿ ಸಾಕಿಕೊಂಡಿರುವ ನನಗೆ ಈ ಹೊಗಳಿಕೆ ಅರ್ಧ ಮಾತ್ರ ಒಪ್ಪಿಗೆ. ಗಾದೆ ಒಳ್ಳೆಯ ಸಾಹಿತ್ಯವೆಂಬುದು ನಿಜ. ನಾವು ಅದನ್ನು ಓದುತ್ತಿರುವ ಬಗೆ ಮಾತ್ರ ಸರಿಯಲ್ಲ.

ಮೊದಲು ಅದರ ವ್ಯಾಕರಣವನ್ನು ನೋಡೋಣ. “ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ.” ಪ್ರಾಸಕ್ಕೆ ಕಿವಿಗೊಟ್ಟ ನಾವು ಓಣಿಯ ಜೋಳವನ್ನೇ ನೋಡುತ್ತೇವೆ. ಮಾತಿನ ಜೀವವಿರುವುದು ‘ಬಂದರೆ’ ಎಂಬಲ್ಲಿ. ಪಂಚಾಂಗವು ಈ ವರ್ಷ ಇಷ್ಟು ಕೊಳಗ ಮಳೆಯೆಂದು ಬರೆದುಬಿಡುತ್ತದೆ. ಗಾದೆ ಅಂಥ ಭರವಸೆ ಕೊಡುವುದಿಲ್ಲ. ಬಾರದಿದ್ದರೆ ಏನೆಂಬುದನ್ನು ಅದು ಹೇಳದೆ ಬಿಡುತ್ತದೆ, ಕೇಳುವವನಿಗೆ ಅದು ಗೊತ್ತೇ ಇರುವುದರಿಂದ. 1907ರಲ್ಲಿ ಕಟ್ಟಿ ಮುಗಿದ ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ತುಂಬಿತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಈ ಸೀಮೆಯವರು ಬಾಳಿದ್ದು ‘ಬಂದರೆ’ ಎಂಬ ಪದದ ಮೇಲೆಯೇ.

ಗಾದೆಯನ್ನು ವಿಜ್ಞಾನವೆನ್ನುವವರು ಇನ್ನೊಂದು ಸಂಗತಿಯನ್ನು ಮರೆಯುತ್ತಾರೆ. ಮಳೆಯ ನಕ್ಷತ್ರವೆಂದರೆ ಸೂರ್ಯನು ಆ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನ. ಆದರೆ ನಕ್ಷತ್ರಗಳ ಲೆಕ್ಕ ಋತುಗಳ ಲೆಕ್ಕಕ್ಕಿಂತ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಸಾವಿರ ವರ್ಷಕ್ಕೆ ಹೆಚ್ಚು ಕಡಿಮೆ ಒಂದು ಇಡೀ ಮಳೆಯೇ ಜಾರುತ್ತದೆ. ಅಷ್ಟು ಹಳೆಯ ಗಾದೆ ಯಾವುದಾದರೂ ಉಳಿದಿದ್ದರೆ ಅದರ ರೋಹಿಣಿ ನಮ್ಮ ರೋಹಿಣಿಯಲ್ಲ.

ಕಾಲದಂತೆ ಸ್ಥಳವೂ ಮುಖ್ಯ. ಹೊಳಲ್ಕೆರೆಯಲ್ಲಿ ಅಡಿಕೆ, ಹೊಸದುರ್ಗದಲ್ಲಿ ತೆಂಗು ನಿಲ್ಲುತ್ತವೆ. ಪೂರ್ವಕ್ಕೆ ಹಿರಿಯೂರಿನ ಕಡೆ ಬಂದಂತೆ ನೆಲ ಒಣಗುತ್ತದೆ. ಘಟ್ಟದ ಮರೆಯಲ್ಲಿರುವ ನಮಗೆ ಮುಂಗಾರು ಮಳೆಗಿಂತ ಗಾಳಿಯನ್ನೇ ಹೆಚ್ಚು ತರುತ್ತದೆ. ನಾವು ನಂಬುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳನ್ನು. ಸಂಗ್ರಹಕಾರರಾದರೋ ಮಲೆನಾಡಿನ ಆರಿದ್ರೆಯನ್ನೂ ಬಯಲುಸೀಮೆಯ ಚಿತ್ತೆಯನ್ನೂ ಒಂದೇ ಪಟ್ಟಿಯಲ್ಲಿ ಕೂರಿಸುತ್ತಾರೆ. ಯಾವ ಊರಿನಲ್ಲಿ, ಯಾರ ಬಾಯಿಂದ ಕೇಳಿದ್ದೆಂಬ ಒಂದು ಸಾಲು ಅಪರೂಪ. ನೆಲ ಕಳೆದುಕೊಂಡ ಗಾದೆ ಬರಿಯ ಪ್ರಾಸ.

ಯಾರ ಬಾಯಿಂದ ಎಂಬ ಪ್ರಶ್ನೆಯೇ ನನ್ನನ್ನು ಹಿತ್ತಲಿಗೆ ಕರೆತರುತ್ತದೆ. ಈ ಗಾದೆಗಳೆಲ್ಲ ಹೊಲದ್ದು. ನೇಗಿಲು ಹಿಡಿದವನ ಮಾತು. ಹೊಲ ಕೈಕೊಟ್ಟ ವರ್ಷ ಮನೆಯನ್ನು ಸಾಗಿಸುವ ಹೀರೆ, ಅವರೆ, ನುಗ್ಗೆ, ಮೊಟ್ಟೆಗಳಿಗೆ ಅವುಗಳಲ್ಲಿ ಜಾಗವಿಲ್ಲ. ಹಿತ್ತಲಿಗಾದರೂ ಹವೆಯ ಕಾಟ ಕಡಿಮೆಯೇ? ಮೋಡ ಕವಿದು ಮಳೆಯಾಗದ ವಾರದಲ್ಲಿ ಅವರೆಯ ಹೂವಿಗೆ ಹೇನು ಹತ್ತುತ್ತದೆ. ಏಪ್ರಿಲ್ ಬಿಸಿಲಿಗೆ ಕೋಳಿ ಕೊಕ್ಕು ತೆರೆದು ಏದುಸಿರು ಬಿಡುತ್ತದೆ. ಆ ಉಸಿರಿನೊಡನೆ ರಕ್ತದ ಇಂಗಾಲಾಮ್ಲ ಹೆಚ್ಚಾಗಿ ಹೊರಹೋಗಿ ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಅಕಾಲದ ಮಳೆ ಬಂದು ಗೂಡಿನ ನೆಲ ತೇವವಾದರೆ ಮರಿಗಳಿಗೆ ರಕ್ತಭೇದಿ. ಕಾವಿಗೆ ಕೂರಿಸಿದ ಮೊಟ್ಟೆ ಗುಡುಗಿಗೆ ಕೆಡದಿರಲೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರೊಂದನ್ನು ಇಡುವುದು ನಮ್ಮ ಮನೆಯ ರೂಢಿ. ಅದರಲ್ಲಿ ವಿಜ್ಞಾನವಿಲ್ಲದಿರಬಹುದು, ಇಪ್ಪತ್ತೊಂದು ದಿನ ಆಕಾಶದ ಕಡೆ ಕಿವಿಯಿಟ್ಟವರ ಆತಂಕವಿದೆ. ಅದು ಸಾಹಿತ್ಯದ ವಸ್ತುವಲ್ಲವೇ?

ಸಾಹಿತ್ಯ ಕೋಳಿಯನ್ನು ಕಂಡಿಲ್ಲವೆಂದಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಕಥೆಯನ್ನು ತಿರುಗಿಸುವುದೇ ಬಲಿಕೊಟ್ಟ ಹಿಟ್ಟಿನ ಕೋಳಿ. ಗಾದೆಯಲ್ಲಿ, ಕೋಳಿಯನ್ನು ಕೇಳಿ ಮಸಾಲೆ ಅರೆಯುವುದಿಲ್ಲ. ಬಲಿಗೋ ಬಾಣಲೆಗೋ ಹೋಗುವ ಕೋಳಿ ನಮಗೆ ಪರಿಚಿತ. ಬೆಳಿಗ್ಗೆ ಗೂಡು ತೆಗೆದು ಎಣಿಸಬೇಕಾದ ಕೋಳಿ ಅಪರಿಚಿತ.

ಒಂದು ಗಾದೆ ಮಾತ್ರ ಹಿತ್ತಲಿನ ಹತ್ತಿರ ಸುಳಿಯುತ್ತದೆ: “ಕುರುಡು ಚಿತ್ತೆ ಎರಚಿದತ್ತ ಬೆಳೆ.” ಒಬ್ಬನ ಹೊಲಕ್ಕೆ ಬಿದ್ದು ಪಕ್ಕದವನಿಗೆ ಬೀಳದ ಅಕ್ಟೋಬರ್ ಮಳೆಯನ್ನು ಬಲ್ಲವರಿಗೆ ಇದು ಎಷ್ಟು ನಿಖರವೆಂದು ಗೊತ್ತು. ಇಲ್ಲಿ ಪ್ರಾಸದ ಆಡಂಬರವಿಲ್ಲ. ‘ಎರಚು’ ಎಂಬ ಕ್ರಿಯಾಪದ ಅಂಗಳದಲ್ಲಿ ನಿಂತು ಕೋಳಿಗಳಿಗೆ ಕಾಳು ಚೆಲ್ಲುವ ಹೆಂಗಸಿನ ಕೈಯನ್ನು ನನ್ನ ಕಣ್ಣಿಗೆ ತರುತ್ತದೆ. ಆಕೆ ಕುರುಡಿಯಾದರೆ ಕಾಳು ಯಾವ ಕೋಳಿಯ ಪಾಲು? ಮಳೆಯ ಅನ್ಯಾಯವನ್ನು ಇಷ್ಟು ಚಿಕ್ಕದಾಗಿ, ಇಷ್ಟು ದ್ವೇಷವಿಲ್ಲದೆ ಹೇಳಿದ ಮಾತು ವಿರಳ. ಇದನ್ನು ಮೊದಲು ಆಡಿದ್ದು ಒಬ್ಬ ಹೆಂಗಸೇ ಇರಬೇಕೆಂದು ನನ್ನ ಊಹೆ.

ಹಾಗಿದ್ದರೆ ಇಂಥವು ಇನ್ನೂ ಇರಬೇಕು. ದುರ್ಗದ ಸೀಮೆಯ ಹೆಂಗಸರು ಬೀಜ ಊರುವಾಗ, ಕೋಳಿ ಕಾವಿಗೆ ಕೂರಿಸುವಾಗ ಆಡುವ ಮಾತುಗಳನ್ನು ಊರು, ತಿಂಗಳು ಸಮೇತ ಬರೆದಿಟ್ಟುಕೊಳ್ಳುವ ಸಂಗ್ರಹಕಾರರು ಬೇಕಾಗಿದ್ದಾರೆ. ಅವರು ದಯವಿಟ್ಟು ಹಿತ್ತಲ ಬಾಗಿಲಿನಿಂದ ಬರಲಿ; ಜಗಲಿಯ ಮೇಲೆ ಕುಳಿತ ಗಂಡಸರ ಮಾತು ಈಗಾಗಲೇ ಸಾಕಷ್ಟು ಅಚ್ಚಾಗಿದೆ.