ಆಶುವಿನ ಬಿಡುಗಡೆ ಪತ್ರ ಮತ್ತು ಅಮಿತಾವ್ ಘೋಷ್

ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ 1992ರಲ್ಲಿ ಪ್ರಕಟವಾಯಿತು. ಅದರ ಅರ್ಧ ಭಾಗ 1980ರ ದಶಕದ ಈಜಿಪ್ಟಿನ ಹಳ್ಳಿಗಳ ಅನುಭವ ಕಥನ. ಉಳಿದರ್ಧ ಹನ್ನೆರಡನೆಯ ಶತಮಾನದ ಮಂಗಳೂರಿನಲ್ಲಿ ಸುಮಾರು ಹದಿನೇಳು ವರ್ಷ ವ್ಯಾಪಾರ ನಡೆಸಿದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮತ್ತು ಅವನ ಆಳು ಬೊಮ್ಮನ ಕಥೆ. ಕನ್ನಡದಲ್ಲಿ ಈ ಪುಸ್ತಕದ ಮಾತು ಬಂದಾಗಲೆಲ್ಲ ಬೊಮ್ಮನೇ ಮುಂದೆ ಬರುತ್ತಾನೆ. ಆದರೆ ಈ ಕಥೆಯಲ್ಲಿ ಅವನಿಗಿಂತ ಭಾರವಾದ ಪ್ರಶ್ನೆ ಎತ್ತುವ ವ್ಯಕ್ತಿ ಇನ್ನೊಬ್ಬಳಿದ್ದಾಳೆ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಪತ್ರವೊಂದರ ಮೂಲಕ ಬೆನ್ ಯಿಜು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ. ಮನುಷ್ಯ ಮನುಷ್ಯನ ಸೊತ್ತಾಗಬಹುದೇ, ಆದವನು ಮತ್ತೆ ಪೂರ್ಣ ಮನುಷ್ಯನಾಗುವುದು ಹೇಗೆ, ಹೊರಗಿನವಳು ಒಳಗಿನವಳಾಗುವ ದಾರಿ ಯಾವುದು ಎಂದು ಯಹೂದಿ ಚಿಂತನೆ ಸಾವಿರಾರು ವರ್ಷ ಚರ್ಚಿಸಿದ ಪ್ರಶ್ನೆಗಳು ಕರಾವಳಿಯ ಒಂದು ಮನೆಯೊಳಗೆ ನಿಜವಾಗಿ ಎದುರಾದದ್ದು ಆ ಪತ್ರದಲ್ಲಿ. ಘೋಷ್ ಅವರ ಪುಸ್ತಕವನ್ನು ಅಳೆಯಬೇಕಾದದ್ದೂ ಅದರಿಂದಲೇ.

ಪತ್ರ ಉಳಿದು ಬಂದದ್ದಕ್ಕೆ ಕಾರಣವೂ ಒಂದು ಧಾರ್ಮಿಕ ಆಚರಣೆ. ದೇವರ ಹೆಸರಿರುವ ಬರಹವನ್ನು ಯಹೂದಿಗಳು ಸುಡುವಂತಿಲ್ಲ, ಹರಿದು ಬಿಸಾಡುವಂತಿಲ್ಲ. ಹಳತಾದ ಹಾಳೆಗಳನ್ನು ಸಿನಗಾಗ್‌ನ ಕೋಣೆಯೊಂದರಲ್ಲಿ ಕೂಡಿಟ್ಟು ಆಮೇಲೆ ಮಣ್ಣು ಮಾಡುವುದು ರೂಢಿ. ಆ ಕೋಣೆಗೆ ಗೆನೀಝಾ ಎಂದು ಹೆಸರು. ಹಳೆಯ ಕೈರೋ ಆದ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಕೂಡಿಡುವುದು ನಡೆಯಿತು, ಮಣ್ಣು ಮಾಡುವುದು ಬಹುಮಟ್ಟಿಗೆ ನಿಂತುಹೋಯಿತು. ಹೀಬ್ರೂ ಲಿಪಿಯ ಕಾಗದವೆಂದರೆ ಸಾಕು, ವ್ಯಾಪಾರದ ಲೆಕ್ಕ, ಮದುವೆ ಕರಾರು, ಮನೆಯ ಜಗಳ ಎಲ್ಲವೂ ಅಲ್ಲಿಗೆ ಬಿದ್ದವು. 1896–97ರಲ್ಲಿ ವಿದ್ವಾಂಸ ಸೊಲೊಮನ್ ಶೆಕ್ಟರ್ ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ನಮ್ಮಲ್ಲಿ ಇದಕ್ಕೊಂದು ಹೋಲಿಕೆಯಿದೆ: ಮೂಡುಬಿದಿರೆಯ ಬಸದಿಯಲ್ಲಿ ಧವಲಾ ಎಂಬ ಜೈನ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಓದಿಗಿಂತ ದರ್ಶನಕ್ಕೆ ಮೀಸಲಾಗಿ ಉಳಿದವು. ಅಲ್ಲಿ ಕಾದದ್ದು ಶಾಸ್ತ್ರಗ್ರಂಥ. ಗೆನೀಝಾ ಕಾದದ್ದು ಮೆಣಸಿನ ಲೆಕ್ಕವನ್ನೂ ಸೇರಿಸಿ. ಈಜಿಪ್ಟಿನ ಈ ನಿಧಿ ಈಜಿಪ್ಟಿಗೇ ಇಲ್ಲದಂತೆ ಪಶ್ಚಿಮದ ಗ್ರಂಥಾಲಯಗಳಿಗೆ ಹಂಚಿಹೋದದ್ದನ್ನು ಘೋಷ್ ಬರೆದಿರುವ ಪುಟಗಳು ಪುಸ್ತಕದ ಅತ್ಯುತ್ತಮ ಪುಟಗಳಲ್ಲಿ ಸೇರುತ್ತವೆ. ಅಲ್ಲಿನ ನೋವು ನಿಜವಾದದ್ದು, ವಾದವೂ ಗಟ್ಟಿಯಾದದ್ದು.

ಬೆನ್ ಯಿಜು ಈಗಿನ ಟ್ಯುನೀಷಿಯಾದ ಮಹ್ದಿಯಾದವನು. ಏಡನ್‌ನ ಪ್ರಭಾವಿ ವರ್ತಕ ಮದ್ಮೂನ್ ಅವನ ಆಶ್ರಯದಾತ. ತುಳುನಾಡಿನಿಂದ ಮೆಣಸು, ಕಬ್ಬಿಣ, ಅಡಿಕೆ ಹೋಗುತ್ತಿದ್ದವು. ಆ ಕಡೆಯಿಂದ ತಾಮ್ರ, ರೇಷ್ಮೆ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ಅವನದೊಂದು ಹಿತ್ತಾಳೆ-ಕಂಚಿನ ಕಾರ್ಖಾನೆಯೂ ಇತ್ತು. ಏಡನ್‌ನಿಂದ ಒಡೆದ ಪಾತ್ರೆ ಕಳಿಸಿ ಹೊಸದು ಮಾಡಿಸಿಕೊಳ್ಳುತ್ತಿದ್ದರು. ಈ ಕಡೆ ಕಾಗದ ಸಿಗುವುದು ಕಷ್ಟವಾದ್ದರಿಂದ ಗೆಳೆಯರು ಕಾಗದವನ್ನೇ ಉಡುಗೊರೆಯಾಗಿ ಕಳಿಸುತ್ತಿದ್ದರು. ಅವನು ಬಂದ ಪತ್ರಗಳ ಬೆನ್ನ ಮೇಲೆ, ಸಾಲುಗಳ ನಡುವೆ ತನ್ನ ಲೆಕ್ಕ ಬರೆದ. ಊರಿಗೆ ಹೊರಟಾಗಿನ ಸಾಮಾನಿನ ಪಟ್ಟಿಯೂ ಹಾಗೆಯೇ ಹಳೆಯ ಪತ್ರವೊಂದರ ಮೇಲೆ ಬರೆದದ್ದು.

ಬೊಮ್ಮ ಈ ಪತ್ರಗಳಲ್ಲಿ ಮೂರಕ್ಷರವಾಗಿ ಬರುತ್ತಾನೆ. ಹೀಬ್ರೂ ಲಿಪಿಯಲ್ಲಿ ಸಾಮಾನ್ಯವಾಗಿ ಸ್ವರ ಬರೆಯುವುದಿಲ್ಲ. ಗೆನೀಝಾದ ಮಹಾವಿದ್ವಾಂಸ ಎಸ್. ಡಿ. ಗೊಯ್ಟೈನ್ ಅದನ್ನು ‘ಬಾಮ’ ಎಂದು ಓದಿದ್ದರು. ಘೋಷ್ ಮಂಗಳೂರಿಗೆ ಬಂದು ತುಳು ವಿದ್ವಾಂಸ ಬಿ. ಎ. ವಿವೇಕ ರೈ ಅವರೊಡನೆ ಚರ್ಚಿಸಿ ಬೊಮ್ಮ ಎಂಬ ನಿರ್ಧಾರಕ್ಕೆ ಬಂದರು. ಇದು ಒಪ್ಪುವಂಥ ಓದು. ಆ ಕಾಲದ ಕನ್ನಡ ಶಾಸನಗಳಲ್ಲಿ ಬೊಮ್ಮ, ಬೊಮ್ಮಯ್ಯ ಎಂಬ ಹೆಸರುಗಳು ಸಾಮಾನ್ಯ. ಆ ಮನುಷ್ಯ ಬರಿಯ ಕೂಲಿಯಾಳೂ ಅಲ್ಲ. ಸರಕಿನೊಂದಿಗೆ ಏಡನ್‌ಗೆ ಹೋಗಿಬರುತ್ತಿದ್ದ, ತಿಂಗಳಿಗೆ ಎರಡು ದಿನಾರ್ ಪಡೆಯುತ್ತಿದ್ದ. ಒಮ್ಮೆ ಕುಡಿದು ಹೆಚ್ಚು ಹಣ ಕೇಳಿದನೆಂದು ಮದ್ಮೂನ್ ದೂರು ಬರೆದ. 1148ರ ಪತ್ರದಲ್ಲಿ ಏಡನ್‌ನ ವರ್ತಕ ಖಲಫ್ ಬೊಮ್ಮನಿಗೆ ಪ್ರತ್ಯೇಕವಾಗಿ ವಂದನೆ ಹೇಳಿದ.

ಘೋಷ್ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಬೊಮ್ಮನ ದಾಸ್ಯವನ್ನು ಅರ್ಥ ಮಾಡಿಕೊಳ್ಳಲು ಅವರು ವಚನಕಾರರನ್ನೂ ಸೂಫಿಗಳನ್ನೂ ತರುತ್ತಾರೆ. ದಾಸನಾಗುವುದು ಭಕ್ತಿಯ ಭಾಷೆಯಾಗಿದ್ದ ಕಾಲದಲ್ಲಿ ಒಡೆಯ-ಆಳಿನ ನಂಟು ಈಗಿನವರು ಭಾವಿಸುವಷ್ಟು ಕಠೋರವಾಗಿರಲಿಲ್ಲ ಎಂಬುದು ಅವರ ಸೂಚನೆ. ಕನ್ನಡಿಗರಿಗೆ ಇದು ಹಿತವಾದ ಮಾತು, ಆದರೆ ಆಧಾರ ತೆಳು. ಬೆನ್ ಯಿಜು 1149ರಲ್ಲಿ ಭಾರತ ಬಿಟ್ಟ. ಬಿಜ್ಜಳ ಕಲ್ಯಾಣದಲ್ಲಿ ಅಧಿಕಾರ ಹಿಡಿದದ್ದು, ಅಲ್ಲಿ ಶರಣರ ಚಳವಳಿ ಉಕ್ಕೇರಿದ್ದು ಆಮೇಲೆ. ಆಳುಪ ಅರಸ ಕವಿ ಆಳುಪೇಂದ್ರನ ಕಾಲದ ತುಳುನಾಡಿನ ಬಂದರಿನಲ್ಲಿ ಆಳೊಬ್ಬ ಶರಣರ ಮಾತಿನಿಂದ ತನ್ನ ಬದುಕನ್ನು ಕಂಡುಕೊಂಡ ಎನ್ನಲು ಒಂದು ಸಾಲಿನ ಪುರಾವೆಯೂ ಇಲ್ಲ. ಭಕ್ತನು ತಾನಾಗಿ ಒಪ್ಪಿಕೊಂಡ ದಾಸ್ಯವನ್ನೂ ಮಾರಾಟಕ್ಕೆ ಸಿಗುವ ಮನುಷ್ಯನ ದಾಸ್ಯವನ್ನೂ ಒಂದೇ ನೇಯ್ಗೆಯಲ್ಲಿ ಸೇರಿಸಿದರೆ ಎರಡನೆಯದರ ಕ್ರೌರ್ಯ ಮೃದುವಾಗಿ ಕಾಣುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಆಶುವಿನ ವಿಷಯದಲ್ಲಿದೆ. ಬೆನ್ ಯಿಜುವಿನ ಲೆಕ್ಕಪತ್ರದಲ್ಲಿ ಅವಳ ಸಹೋದರನೆಂದು ನಾಯರ್ ಒಬ್ಬನ ಉಲ್ಲೇಖವಿದೆ, ಆದ್ದರಿಂದ ಅವಳು ನಾಯರ್ ಕುಲದವಳೆಂದು ವಿದ್ವಾಂಸರು ಊಹಿಸುತ್ತಾರೆ. ಬಿಡುಗಡೆಯಾದಾಗ ಅವಳಿಗೆ ಬೆರಾಖಾ ಎಂಬ ಹೊಸ ಹೆಸರು ಬಂತು. ಇಂಥ ಪತ್ರಗಳ ಒಕ್ಕಣೆ ಗೊತ್ತಿರುವಂಥದು: ಇನ್ನು ಮೇಲೆ ನೀನು ನಿನ್ನದೇ, ಇಸ್ರೇಲಿನ ಸಮುದಾಯ ಸೇರಲು, ಅಲ್ಲಿ ಹೆಸರು ಪಡೆಯಲು, ಸ್ವತಂತ್ರರು ಮಾಡುವುದನ್ನೆಲ್ಲ ಮಾಡಲು ನಿನಗೆ ಹಕ್ಕಿದೆ ಎಂಬ ಅರ್ಥದ ಮಾತುಗಳು. ಯಹೂದಿ ಕಾನೂನಿನಲ್ಲಿ ದಾಸಿಯ ಮಗು ತಾಯಿಯಂತೆ ದಾಸ್ಯಕ್ಕೇ ಸೇರುತ್ತದೆ, ತಂದೆ ಯಾರೇ ಆಗಿರಲಿ. ಬಿಡುಗಡೆಯಾದವಳು ಪೂರ್ಣ ಯಹೂದಿ. ಆಮೇಲೆ ಹುಟ್ಟುವ ಅವಳ ಮಕ್ಕಳೂ ಹಾಗೆಯೇ. ಬೆನ್ ಯಿಜುವಿಗೆ ಸುರೂರ್ ಎಂಬ ಮಗ, ಸಿತ್ತ್ ಅಲ್-ದಾರ್ ಎಂಬ ಮಗಳು ಇದ್ದರು. ಆ ಮಕ್ಕಳು ಯಾರಾಗುತ್ತಾರೆ ಎಂಬುದು ತಾಯಿ ಎಂದು ಬಿಡುಗಡೆಯಾದಳು ಎಂಬ ತಾರೀಖಿನ ಮೇಲೆ ನಿಂತಿತ್ತು.

ಯಹೂದಿ ಶಾಸ್ತ್ರ ಈ ಬಿಡುಗಡೆಯನ್ನು ಸಲೀಸಾಗಿ ಒಪ್ಪಿದ್ದೂ ಅಲ್ಲ. ರಬ್ಬಿಗಳ ಶಾಸ್ತ್ರಚರ್ಚೆಗಳ ಸಂಕಲನವಾದ ತಾಲ್ಮುದ್‌ನ ಗಿಟ್ಟಿನ್ ಭಾಗ ವಿಚ್ಛೇದನದ ಪತ್ರವನ್ನೂ ಬಿಡುಗಡೆಯ ಪತ್ರವನ್ನೂ ಜೊತೆಯಲ್ಲೇ ಚರ್ಚಿಸುತ್ತದೆ. ಅನ್ಯಕುಲದ ದಾಸನನ್ನು ಬಿಡುಗಡೆ ಮಾಡುವವನು ವಿಧಿಯೊಂದನ್ನು ಮೀರುತ್ತಾನೆ ಎಂದು ಅಲ್ಲಿ ಒಂದು ಅಭಿಪ್ರಾಯವಿದೆ. ಅದಕ್ಕೆ ಎದುರಾಗಿ ಒಂದು ಪ್ರಸಂಗವನ್ನೂ ಕೊಡುತ್ತದೆ: ಸಾಮೂಹಿಕ ಪ್ರಾರ್ಥನೆಗೆ ಬೇಕಾದ ಹತ್ತು ಮಂದಿ ಇಲ್ಲದ್ದನ್ನು ಕಂಡ ರಬ್ಬಿ ಎಲಿಯೇಜರ್ ತನ್ನ ದಾಸನನ್ನು ಅಲ್ಲೇ ಬಿಡುಗಡೆ ಮಾಡಿ ಹತ್ತನೆಯವನನ್ನಾಗಿ ಸೇರಿಸಿಕೊಂಡ. ಪ್ರತಿ ವರ್ಷ ಪಾಸೋವರ್ ಹಬ್ಬದಲ್ಲಿ ತಾವೇ ಈಜಿಪ್ಟಿನಲ್ಲಿ ದಾಸರಾಗಿದ್ದೆವು ಎಂದು ನೆನೆಯುವ ಜನ ಇವರು. ಆ ನೆನಪಿದ್ದೂ ದಾಸ್ಯವನ್ನು ಕೈಬಿಡದ ಕಾನೂನು, ಆ ಕಾನೂನಿನೊಳಗೇ ಬಾಗಿಲು ಹುಡುಕುವ ರಬ್ಬಿಗಳು—ಈ ಎಳೆದಾಟವೇ ಯಹೂದಿ ಚಿಂತನೆಯ ಜೀವ. ಒಡೆಯನೊಂದಿಗೆ ಸಂಬಂಧವಿತ್ತೆಂಬ ಶಂಕೆಗೆ ಗುರಿಯಾದ ದಾಸಿ ಬಿಡುಗಡೆಯಾದ ಮೇಲೆ ಅವನು ಅವಳನ್ನು ಮದುವೆಯಾಗಬಾರದೆಂದು ತಾಲ್ಮುದ್‌ನ ಮೂಲಪಾಠವಾದ ಮಿಷ್ನಾ ಹೇಳುತ್ತದೆ. ಬೆನ್ ಯಿಜುವಿಗಿಂತ ಒಂದು ತಲೆಮಾರು ಕಿರಿಯನಾದ, ಫುಸ್ತಾತ್‌ನಲ್ಲೇ ನೆಲೆಸಿದ್ದ ಯಹೂದಿ ಧರ್ಮಶಾಸ್ತ್ರಜ್ಞ ಮೈಮೊನಿಡಿಸ್ (1138–1204) ಇಂಥದೇ ವ್ಯಾಜ್ಯವೊಂದರಲ್ಲಿ, ಪಾಪ ಮುಂದುವರಿಯುವುದಕ್ಕಿಂತ ಬಿಡುಗಡೆ ಮಾಡಿ ಮದುವೆಯಾಗುವುದೇ ಮೇಲು ಎಂದು ತೀರ್ಪು ಕೊಟ್ಟ. ಕಾನೂನಿನ ಅಕ್ಷರ ಬಲ್ಲವನೇ ಅದನ್ನು ಮನುಷ್ಯರಿಗಾಗಿ ಬಾಗಿಸಿದ ನಿದರ್ಶನ ಇದು.

ಘೋಷ್ ಅವರ ಪುಸ್ತಕದಲ್ಲಿ ಈ ಚರ್ಚೆಗೆ ಜಾಗ ಕಡಿಮೆ. ಯಹೂದಿ ಹೆಣ್ಣು ಸಿಗಬಹುದಾಗಿದ್ದರೂ ಬೆನ್ ಯಿಜು ಆಶುವನ್ನು ಆರಿಸಿಕೊಂಡ, ಅದು ಪ್ರೇಮವೇ ಇರಬೇಕು ಎಂಬ ಊಹೆಯ ಕಡೆಗೆ ಅವರು ವಾಲುತ್ತಾರೆ; ಪುರಾವೆ ಇಲ್ಲವೆಂದು ಒಪ್ಪಿಕೊಂಡೇ ವಾಲುತ್ತಾರೆ. ಮದುವೆಯ ಕರಾರೂ ಸಿಕ್ಕಿಲ್ಲ. ಕೊಂಡುತಂದ ಹೆಣ್ಣಿನ ಒಪ್ಪಿಗೆಗೆ ಏನು ಬೆಲೆ ಎಂಬ ಪ್ರಶ್ನೆಯನ್ನು ಪ್ರೇಮದ ಊಹೆ ಮುಚ್ಚಿಬಿಡುತ್ತದೆ. ಬಿಡುಗಡೆ ಪತ್ರವನ್ನು ಅದರ ಕಾನೂನಿನ ಜೊತೆಗಿಟ್ಟು ಓದಿದ್ದರೆ ಬೆನ್ ಯಿಜು ಪ್ರೇಮಿಯೋ ಕ್ರೂರಿಯೋ ಎಂಬ ಆಯ್ಕೆಯೇ ಬೇಕಾಗುತ್ತಿರಲಿಲ್ಲ. ತನ್ನ ಮನೆಯನ್ನು ಧರ್ಮದ ಲೆಕ್ಕಕ್ಕೆ ಹೊಂದಿಸಲು ಹೆಣಗಿದ ಗೃಹಸ್ಥ ಕಾಣಿಸುತ್ತಿದ್ದ. ಗೊಯ್ಟೈನ್ ಅವರ ಕೆಲಸವನ್ನು ಪೂರ್ಣಗೊಳಿಸಿ ಮೊರ್ದೆಖಾಯ್ ಫ್ರೀಡ್‌ಮನ್ 2008ರಲ್ಲಿ ಪ್ರಕಟಿಸಿದ ‘ಇಂಡಿಯಾ ಟ್ರೇಡರ್ಸ್ ಆಫ್ ದಿ ಮಿಡಲ್ ಏಜಸ್’ನಲ್ಲಿ ಆ ಮನುಷ್ಯ ಸಿಗುತ್ತಾನೆ. ಸಾಮಾನಿನ ಪಟ್ಟಿಯೊಂದನ್ನೇ ಹಿಡಿದು ಎಲಿಜಬೆತ್ ಲ್ಯಾಂಬೋರ್ನ್ ಬರೆದ ‘ಅಬ್ರಹಾಮ್ಸ್ ಲಗೇಜ್’ (2018) ಅವನ ಊಟ, ಮಡಿ, ಮನೆವಾರ್ತೆಗಳನ್ನು ತೋರಿಸುತ್ತದೆ. ಓದಿನ ಸುಖದಲ್ಲಿ ಇವೆರಡೂ ಘೋಷ್ ಅವರ ಸಮಕ್ಕೆ ಬರುವುದಿಲ್ಲ. ಆಶುವಿನ ಪತ್ರವನ್ನು ತಿಳಿಯಲು ಇವಿಲ್ಲದೆ ಆಗದು.

ಅದೇ ಕಾಲದ ಚನ್ನರಾಯಪಟ್ಟಣ ಸೀಮೆ ಒಂದು ಹೋಲಿಕೆ ಒದಗಿಸುತ್ತದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಹೊಯ್ಸಳ ರಾಣಿ ಶಾಂತಲೆ 1123ರಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡಳು, ಬಳಿಕ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ವ್ರತ ಹಿಡಿದಳು. ಅವರ ವ್ರತ, ದಾನ, ವಂಶ ಎಲ್ಲವೂ ಶಾಸನದಲ್ಲಿದೆ, ಎಲ್ಲರೂ ಓದಲೆಂದೇ ಕೊರೆದದ್ದು. ಮುಂದಿನ ವರ್ಷ ಘಟ್ಟದ ಕೆಳಗೆ ಬಿಡುಗಡೆಯಾದ ಆಶುವಿನ ಬಗ್ಗೆ ಇರುವುದು ಒಡೆಯ ಬರೆದದ್ದು ಮಾತ್ರ. ಅರಮನೆಯ ಹೆಣ್ಣಿಗೆ ಕಲ್ಲು ಕೊಟ್ಟ ಇತಿಹಾಸ ಕರಾವಳಿಯ ದಾಸಿಗೆ ಒಂದು ಹಾಳೆಯನ್ನಾದರೂ ಕೊಟ್ಟಿದ್ದರೆ, ಅದಕ್ಕೆ ಯಹೂದಿ ಕಾನೂನು ಬಿಡುಗಡೆಯನ್ನು ಬರಹದಲ್ಲಿ ಕೇಳಿದ್ದೇ ಕಾರಣ.

ಬೆನ್ ಯಿಜು ಮಕ್ಕಳೊಂದಿಗೆ ಏಡನ್‌ಗೆ ಮರಳಿದ. ಮಹ್ದಿಯಾವನ್ನು ಸಿಸಿಲಿಯ ಅರಸ ರೋಜರ್ ಆಗಲೇ ವಶಪಡಿಸಿಕೊಂಡಿದ್ದ, ಬಂಧುಗಳು ಚದುರಿಹೋಗಿದ್ದರು. ತಮ್ಮನಿಗೆ ಬರೆದ ಪತ್ರಗಳಲ್ಲಿ ಮಗಳನ್ನು ತಮ್ಮನ ಮಗನಿಗೇ ಕೊಡಬೇಕೆಂಬ ಹಟವಿದೆ. 1156ರಲ್ಲಿ ಫುಸ್ತಾತ್‌ನಲ್ಲಿ ಆ ಮದುವೆ ನಡೆಯಿತು. ತಾಯಿಯ ಬಿಡುಗಡೆಗೆ ಪತ್ರವಿದ್ದ ಮಗಳು ಯಹೂದಿ ಮನೆತನದ ಸೊಸೆಯಾದಳು. ಹಿಂತಿರುಗಿದ ಮೇಲಿನ ಕಾಗದಗಳಲ್ಲಿ ಆಶುವಿನ ಹೆಸರಿಲ್ಲ. ಅವಳು ತುಳುನಾಡಿನಲ್ಲೇ ಉಳಿದಳೆಂದು ಘೋಷ್ ಭಾವಿಸುತ್ತಾರೆ. ಹಾಗೆ ಉಳಿದಿದ್ದರೆ, ಎಲ್ಲಿಗೆ ಬೇಕಾದರೂ ಹೋಗುವ ಹಕ್ಕು ಬರೆದುಕೊಟ್ಟ ಪತ್ರ ಮಕ್ಕಳಿಗೆ ಕುಲ ಕೊಟ್ಟಿತು, ತಾಯಿಗೆ ಮಕ್ಕಳನ್ನು ಉಳಿಸಿಕೊಡಲಿಲ್ಲ.